ಒಂದೇ ಸಲ ಕೇಳುವವಳು

ನನ್ನ ಓರಗಿತ್ತಿ ಚಿತ್ರಾಳ ಬೂಟು ನೋಡಿ ಸಹ್ಯಾದ್ರಿಯಲ್ಲಿ ಈಗ ಯಾವ ಕಾಲ ಎಂದು ನಾನು ಹೇಳಬಲ್ಲೆ. ಜುಲೈಯಲ್ಲಿ ಅಟ್ಟೆಗೆ ಕೆಂಪು ಕೆಸರು ಮೆತ್ತಿರುತ್ತದೆ. ನವೆಂಬರಿನಲ್ಲಿ ಕಾಲುಚೀಲದ ತುಂಬ ಒಣಹುಲ್ಲಿನ ಮುಳ್ಳು. ಏಪ್ರಿಲ್ ಬಂತೆಂದರೆ ಬೂಟಿನ ಬಣ್ಣವೇ ಕಾಣದಷ್ಟು ಧೂಳು. ಇಪ್ಪತ್ತು ವರ್ಷದಿಂದ ಪ್ರತಿ ಸೋಮವಾರ ಬೆಳಿಗ್ಗೆ ಮೆಟ್ಟಿಲ ಬಳಿ ನಿಂತು ಅವನ್ನು ನೋಡಿದ್ದೇನೆ, ಆ ಗುಡ್ಡಗಳಲ್ಲಿ ಒಂದನ್ನೂ ಹತ್ತದೆ. ಇದು ಹೊಟ್ಟೆಕಿಚ್ಚು. ಅದಕ್ಕೆ ಮರ್ಯಾದೆಯ ಹೆಸರು ಹುಡುಕುತ್ತ ಕೂರುವ ವಯಸ್ಸು ನನ್ನದಲ್ಲ, ಐವತ್ತೆರಡಾಯಿತು.

ನಮ್ಮದು ಉಡುಪಿ ಕಡೆಯಿಂದ ಬಂದ ಹೋಟೆಲಿನವರ ಮನೆ. ಪುಣೆಯ ಸದಾಶಿವ ಪೇಠದ ಒಂದು ಕಟ್ಟಡದಲ್ಲಿ ಕೆಳಗೆ ಹೋಟೆಲು, ಅದರ ಮೇಲೆ ನಾವು. ಅಡಿಗೆಯ ಉಸ್ತುವಾರಿ ನನ್ನ ಗಂಡ ರಘುರಾಮರದು, ಪೇಟೆಯಿಂದ ಸಾಮಾನು ತರುವುದು ಮೈದುನ ರಾಜೀವನದು. ಬೆಳಗಿನ ಕೌಂಟರು ನನ್ನದು, ಸಂಜೆಯದು ರಾಜೀವನ ಹೆಂಡತಿ ಚಿತ್ರಾಳದು. ಸುತ್ತಮುತ್ತ ಕೋಚಿಂಗ್ ಕ್ಲಾಸುಗಳು. ಭಾನುವಾರ ಬೆಳಿಗ್ಗೆ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಇಡ್ಲಿಗೆ ಸಾಲು ನಿಲ್ಲುತ್ತಾರೆ. ವಾರದಲ್ಲಿ ನಮಗೆ ಉಸಿರಾಡಲು ಪುರುಸೊತ್ತಿಲ್ಲದ ದಿನ ಅದೊಂದೇ. ಚಿತ್ರಾ ಗುಡ್ಡಕ್ಕೆ ಹೋಗುವುದೂ ಅದೇ ದಿನ.

ಮದುವೆ ಮಾತುಕತೆಯಲ್ಲೇ ಅವಳು ಅದನ್ನು ಇತ್ಯರ್ಥ ಮಾಡಿಕೊಂಡಿದ್ದಳು. ಅವಳ ಅಪ್ಪನೂ ನಮ್ಮ ಊರಿನವರೇ, ಪುಣೆ ಕ್ಯಾಂಪಿನಲ್ಲಿ ಹೋಟೆಲು ಇಟ್ಟವರು. ಆದರೆ ಅವಳು ಹುಟ್ಟಿದ್ದು ಇಲ್ಲಿ, ಓದಿದ್ದು ಮರಾಠಿ ಶಾಲೆಯಲ್ಲಿ, ಆಡಿದ್ದು ಇಲ್ಲಿಯ ಮಕ್ಕಳ ಜೊತೆ. ಹುಡುಗಿ ನೋಡಲು ಹೋದಾಗ ನಮ್ಮ ಅತ್ತೆ, “ಹಾಡು ಬರ್ತದಾ?” ಎಂದು ಕೇಳಿದರು. “ಬರುದಿಲ್ಲ. ಆರು ದಿವಸ ನೀವು ಹೇಳಿದ ಕೆಲಸ ಮಾಡ್ತೇನೆ. ಭಾನುವಾರ ನನಗೆ ಬಿಡಬೇಕು, ಗುಡ್ಡಕ್ಕೆ ಹೋಗ್ಲಿಕ್ಕೆ ಉಂಟು,” ಎಂದಳು. ಅತ್ತೆಯ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆ ಹಾಗೇ ನಿಂತಿತು. ರಾಜೀವ ಮಾತ್ರ ಅಲ್ಲೇ ಕರಗಿಹೋದ. ನಾನು ಪಕ್ಕದಲ್ಲಿ ಕೂತು ಯೋಚಿಸುತ್ತಿದ್ದೆ: ಮದುವೆಗೆ ಮೊದಲು ಹೀಗೆ ಕೇಳಬಹುದು ಎಂದು ನನಗೆ ಯಾರೂ ಹೇಳಲಿಲ್ಲವಲ್ಲ!

ಅಂದಿನಿಂದ ಅವಳ ಭಾನುವಾರ ತಪ್ಪಿದ್ದಿಲ್ಲ. ಮಳೆಗಾಲದಲ್ಲಿ ಸಿಂಹಗಡದ ಕಾಲುದಾರಿ. ಎದುರಿಗಿದ್ದವರ ಮುಖ ಕಾಣದಷ್ಟು ಮಂಜು, ಮೇಲೆ ಹೋದರೆ ಬಿಸಿ ಪಿಠಲಾ ಭಾಕರಿ, ಅಂದರೆ ಕಡಲೆಹಿಟ್ಟಿನ ಗೊಜ್ಜು, ರೊಟ್ಟಿ. ಚಳಿಗಾಲದಲ್ಲಿ ಸೈಕಲ್ಲು. ಮೊದಲು ಅಪ್ಪ ಕೊಟ್ಟ ಗೇರಿಲ್ಲದ ಸೈಕಲ್ಲಿನಲ್ಲೇ ಬೋಪದೇವ ಘಾಟು ಹತ್ತಿ ಸಾಸವಡಕ್ಕೆ ಹೋಗಿ ಬಂದವಳು. ಗೇರಿನದು ಬಂದ ಮೇಲೆ ಕೇಳಬೇಕೇ! ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಗುಡ್ಡ ಇಳಿದು, ಎಲೆಯ ಪೊಟ್ಟಣದಲ್ಲಿ ಕರಂಡೆ ಹಣ್ಣು ಕಟ್ಟಿಸಿಕೊಂಡು ಬರುತ್ತಾಳೆ. ಊರಲ್ಲಿ ನಾನು ಲಂಗ ಎತ್ತಿ ಕಟ್ಟಿ ಗುಡ್ಡೆ ಹತ್ತಿ ಕೊಯ್ದು ತಿನ್ನುತ್ತಿದ್ದ ಹಣ್ಣು ಅದು. ಅಣ್ಣಂದಿರಿಗಿಂತ ಮುಂದೆ ನಾನೇ ಇರುತ್ತಿದ್ದೆ. ಪುಣೆಯಲ್ಲಿ ಅದನ್ನು ಓರಗಿತ್ತಿ ತಂದು ಕೊಟ್ಟರೆ ಕೌಂಟರಿನಲ್ಲಿ ಕೂತು ತಿನ್ನಬೇಕು. ತಿನ್ನುತ್ತಿದ್ದೆ, ಒಂದೂ ಬಿಡದೆ.

ಚಿತ್ರಾ ಹೋಗಿ ಬಂದದ್ದನ್ನು ಹೇಳಿಕೊಂಡು ತಿರುಗುವವಳಲ್ಲ, ಅದು ನನಗೆ ಇನ್ನೂ ಉರಿ. ಜಂಬ ಕೊಚ್ಚಿದ್ದರೆ ಬಯ್ಯಬಹುದಿತ್ತು. ಬರುತ್ತಾಳೆ, ಸ್ನಾನ ಮಾಡಿ ಎರಡು ದೋಸೆ ತಿನ್ನುತ್ತಾಳೆ, ಸಂಜೆಗೆ ಕೌಂಟರಿನಲ್ಲಿ ಕೂರುತ್ತಾಳೆ, ಮುಖದಲ್ಲಿ ಮಾತ್ರ ಎಂಥದೋ ಒಂದು ತಂಪು. ಒಮ್ಮೆ ಘಾಟು ಇಳಿಯುವಾಗ ಸೈಕಲ್ಲಿನಿಂದ ಬಿದ್ದು ಹೆಗಲ ಮೂಳೆ ಮುರಿದುಕೊಂಡಳು. ನೋಡಲು ಬಂದವರು ತಂದ ಸೇಬು, ಮೋಸಂಬಿಗೆ ಮನೆಯಲ್ಲಿ ಜಾಗ ಇರಲಿಲ್ಲ. ಮುರಿದ ಮೂಳೆಯನ್ನು ಕಂಡೂ ಹೊಟ್ಟೆ ಉರಿದದ್ದುಂಟು ನನಗೆ. ಇನ್ನೊಮ್ಮೆ ಬೇಕೆಂದೇ ಅವಳ ಬೂಟು ಮಳೆಯಲ್ಲಿ ನೆನೆಯಲು ಬಿಟ್ಟೆ. ಒದ್ದೆ ಬೂಟನ್ನೇ ಹಾಕಿಕೊಂಡು ಶಿಳ್ಳೆ ಹೊಡೆಯುತ್ತ ಹೋದಳು. ಏನು ಮಾಡುತ್ತೀರಿ ಇಂಥವಳಿಗೆ?

ಹಾಗಾದರೆ ನೀನೂ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಅವಳು ಕರೆಯಲಿಲ್ಲವೇ? ಕರೆದಿದ್ದಳು. ಅದನ್ನೇ ಹೇಳಬೇಕು.

ಅವಳು ಮದುವೆಯಾಗಿ ಬಂದ ಮೊದಲ ಮಳೆಗಾಲ. ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಲೀಲಕ್ಕ, ನಾಳೆ ಸಿಂಹಗಡಕ್ಕೆ ಹೋಗ್ತೇನೆ. ನೀವೂ ಬರ್ತೀರಾ?” ಎಂದಳು.

“ಅಯ್ಯೋ, ನನಗೆಂತ ಗುಡ್ಡ ಮಾರಾಯ್ತಿ! ನೀನು ಹೋಗಿ ಬಾ,” ಎಂದೆ.

ನಮ್ಮ ಕಡೆಯವರಾದರೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಮೊದಲ ಸಲ ಕೇಳಿದಾಗ ಹೂಂ ಅನ್ನುವುದು ಆಸೆಬುರುಕರ ಲಕ್ಷಣ ಎಂದು ನಮ್ಮನ್ನು ಬೆಳೆಸಿದ್ದಾರೆ. ಊಟಕ್ಕೆ ಕೂತಾಗ ಹೋಳಿಗೆ ತಂದರೆ ಎಲೆಗೆ ಕೈ ಅಡ್ಡ ಹಿಡಿಯಬೇಕು. ಬಡಿಸುವವರು ಒತ್ತಾಯ ಮಾಡಬೇಕು. ಮತ್ತೆ ಬೇಡ ಅನ್ನಬೇಕು, ಅವರು ಆಣೆ ಹಾಕಬೇಕು, ಆಗ ಕೈ ತೆಗೆಯುವುದು. ಎರಡು ಸಲ ಬೇಡ, ಮೂರನೆಯದಕ್ಕೆ ಹೋಳಿಗೆ. ಚಿತ್ರಾ ಇನ್ನೊಂದು ಸಲ ಕೇಳಲಿ ಎಂದು ನಾನು ಕಾದೆ. ಮರುದಿನಕ್ಕೆಂದು ಹಳೆಯ ಸೀರೆಯನ್ನೂ ಮನಸ್ಸಿನಲ್ಲೇ ಆರಿಸಿಯಾಗಿತ್ತು.

ಅವಳು “ಬರಂ” ಎಂದಳು. ಮರಾಠಿಯಲ್ಲಿ ಹಾಗೆಂದರೆ ‘ಆಯ್ತು’. ಅಷ್ಟು ಹೇಳಿ ಹೋಗಿಬಿಟ್ಟಳು.

ಆಮೇಲೆ ಹದಿಮೂರು ವರ್ಷ ಕೇಳಲಿಲ್ಲ. ಇನ್ನೊಮ್ಮೆ ಕೇಳಿದ್ದು ಏಳು ವರ್ಷದ ಹಿಂದೆ, ಮುಳಶಿ ಕಡೆಯ ಗುಡ್ಡವೊಂದರಲ್ಲಿ ಕಾರ್ವಿ ಹೂಬಿಟ್ಟಾಗ. ಕಾರ್ವಿ ಅಂದರೆ ಗುಡ್ಡದ ಮೈಗೆ ಆಳೆತ್ತರ ಬೆಳೆಯುವ ಪೊದೆ. ಏಳು ವರ್ಷ ಬರೀ ಎಲೆ, ಆಮೇಲೆ ಒಂದೇ ಸಲ ಗುಡ್ಡಕ್ಕೆ ಗುಡ್ಡವೇ ನೇರಳೆ, ಅಷ್ಟಾದ ಮೇಲೆ ಗಿಡ ಒಣಗಿ ಸಾಯುತ್ತದೆ. “ನೀವು ನೋಡ್ಲೇಬೇಕು ಲೀಲಕ್ಕ. ಬರ್ತೀರಾ?” ಎಂದಳು. ಅವಳ ಕಣ್ಣು ಹೊಳೆಯುತ್ತಿತ್ತು. ನನ್ನ ಬಾಯಿಯೋ, ಅದರ ರೂಢಿ ಅದಕ್ಕೆ. “ಭಾನುವಾರ ಹೋಟೆಲು ಯಾರು ನೋಡುದು?” ಎಂದೆ. ‘ಗಂಡಸರು ನೋಡ್ತಾರೆ, ನೀವು ಬನ್ನಿ’ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅವಳು ಒಂದು ಕ್ಷಣ ಯೋಚಿಸಿ, “ಹೌದಲ್ಲ,” ಎಂದಳು. ಸಂಜೆ ಫೋನಿನಲ್ಲಿ ಚಿತ್ರ ತೋರಿಸಿದಳು. ಚಂದ ಉಂಟು ಎಂದೆ. ಚಟ್ನಿಗೆ ಕಾಯಿ ತುರಿಯುವ ನೆಪದಲ್ಲಿ ಒಳಗೆ ಹೋಗಿ ಕಣ್ಣೀರು ಹಾಕಿದೆ. ಚಿತ್ರಾ ಕೊಬ್ಬಿನವಳು, ಬಾಯಿಮಾತಿಗೆ ಕೇಳುವವಳು ಎಂದು ಆವತ್ತೇ ತೀರ್ಮಾನ ಮಾಡಿದೆ.

ಈ ವರ್ಷ ಮತ್ತೆ ಏಳು ತುಂಬಿತು. ಈಗ ಅವಳ ಜೊತೆಗೆ ಕೇತಕಿ ಬೇರೆ. ನಮ್ಮ ಮೇಲಿನ ಮನೆಯ ಮರಾಠಿ ಹುಡುಗಿ, ಬ್ಯಾಂಕಿನಲ್ಲಿ ಕೆಲಸ. ಎರಡು ವರ್ಷದಿಂದ ಚಿತ್ರಾಳ ಸ್ಕೂಟರಿನ ಹಿಂದಿನ ಸೀಟು ಅವಳದೇ. ಭಾನುವಾರ ಬೆಳಿಗ್ಗೆ ಇಬ್ಬರೂ ನಗುತ್ತ ಹೊರಡುವುದನ್ನು ಕೌಂಟರಿನಿಂದ ನೋಡುತ್ತ ಎಷ್ಟೋ ಹುಡುಗರಿಗೆ ಇಡ್ಲಿ ಕೇಳಿದರೆ ವಡೆಯ ಚೀಟಿ ಕೊಟ್ಟಿದ್ದೇನೆ.

ಸೆಪ್ಟೆಂಬರಿನ ಒಂದು ಬುಧವಾರ ಮೆಟ್ಟಿಲಲ್ಲಿ ಕೇತಕಿಯ ಮಾತು ಕಿವಿಗೆ ಬಿತ್ತು. ಕಾರ್ವಿ ಅರಳಿದೆಯಂತೆ, ಬರುವ ಭಾನುವಾರವೇ ಹೋಗಬೇಕಂತೆ, ಇನ್ನೊಂದು ವಾರ ಬಿಟ್ಟರೆ ಹೂ ಇರುವುದಿಲ್ಲವಂತೆ. ಈ ಸಲ ತಪ್ಪಿದರೆ ಮುಂದಿನ ಸಲಕ್ಕೆ ನನಗೆ ಐವತ್ತೊಂಬತ್ತು. ಮೊಣಕಾಲು ಈಗಲೇ ಮೆಟ್ಟಿಲು ಇಳಿಯುವಾಗ ಕಟಕಟ ಎನ್ನುತ್ತದೆ, ಆಗ ಇನ್ನೇನು ಗತಿಯೋ. ಮರುದಿನ ಕ್ಯಾಂಪಿಗೆ ಹೋಗಿ, ಗಂಡನಿಗೂ ಹೇಳದೆ, ಒಂದು ಜೊತೆ ಕ್ಯಾನ್ವಾಸ್ ಬೂಟು ತಂದು ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟೆ. ಮಧ್ಯಾಹ್ನ ತಾರಸಿಯ ಮೇಲೆ ಅದನ್ನು ಹಾಕಿಕೊಂಡು ನಲವತ್ತು ಸುತ್ತು ನಡೆದೆ. ಚಿತ್ರಾ ಕೇಳಲಿ ಎಂದು ಕಾದೆ. ಗುರುವಾರ ಕೇಳಲಿಲ್ಲ, ಶುಕ್ರವಾರವೂ ಇಲ್ಲ.

ಶನಿವಾರ ಮಧ್ಯಾಹ್ನ ಇಬ್ಬರೂ ಅಡಿಗೆಮನೆಯಲ್ಲಿ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆವು. ಅವಳು ಹವಾಮಾನದ ಬಗ್ಗೆ ಮಾತಾಡಿದಳು, ಕೇತಕಿಯ ಮಂಡಿ ನೋವಿನ ಬಗ್ಗೆ ಮಾತಾಡಿದಳು. ಕೇತಕಿಯ ಮಂಡಿ! ನನಗೆ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ಬುಟ್ಟಿಗೆ ಎಸೆದೆ.

“ನಾನೆಂತ ಈ ಮನೆಯ ಕಂಬವಾ? ಮೇಲಿನ ಮನೆಯವಳನ್ನು ಕರ್ಕೊಂಡು ಹೋಗ್ತಿ, ಒಂದು ಬಾಯಿಮಾತಿಗಾದ್ರೂ ನನ್ನನ್ನು ಕೇಳ್ಬೇಕು ಅಂತ ಅನ್ನಿಸುದಿಲ್ವಾ ನಿನಗೆ?”

ಚಿತ್ರಾ ಬಾಯಿ ಬಿಟ್ಟುಕೊಂಡು ನೋಡಿದಳು. “ಎರಡು ಸಲ ಕೇಳಿದ್ದೇನಲ್ಲ ಲೀಲಕ್ಕ. ಎರಡು ಸಲವೂ ನೀವು ಬೇಡ ಅಂದ್ರಿ.”

“ಬೇಡ ಅಂದ್ರೆ ಬೇಡ ಅಂತವಾ?”

“ಮತ್ತೆಂತ?”

ಅವಳು ನಿಜವಾಗಿಯೂ ಕೇಳುತ್ತಿದ್ದಳು. ನಾನು ಹೋಳಿಗೆಯ ವಿಷಯ ಹೇಳಿದೆ, ಕೈ ಅಡ್ಡ ಹಿಡಿಯುವುದು, ಒತ್ತಾಯ, ಎಲ್ಲ. ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು. ಚಿತ್ರಾ ಸೊಪ್ಪಿನ ದಂಟು ಮುರಿಯುತ್ತ ಕೇಳಿಸಿಕೊಂಡಳು.

“ಶಾಲೆಯಲ್ಲಿ ಗೆಳತಿಯರ ಮನೆಗೆ ಹೋದ್ರೆ ಚಹಾ ಬೇಕಾ ಅಂತ ಒಂದೇ ಸಲ ಕೇಳ್ತಿದ್ರು,” ಎಂದಳು. “ಬೇಡ ಅಂದವರ ಹತ್ರ ಮತ್ತೆ ಕೇಳಿದ್ರೆ ಅವರ ಮಾತಿಗೆ ಬೆಲೆ ಕೊಡದ ಹಾಗೆ ಅಂತ ನಾನು ತಿಳ್ಕೊಂಡಿದ್ದೆ. ಮೊದಲ ಸಲ ನೀವು ಬೇಡ ಅಂದಾಗ ಸಿಂಹಗಡದ ಬುಡದವರೆಗೂ ಅಳ್ತಾ ಹೋದೆ, ಗೊತ್ತುಂಟಾ? ನನ್ನ ಜೊತೆ ಬರುದು ನಿಮಗೆ ಇಷ್ಟ ಇಲ್ಲ ಅಂತ. ಭಾನುವಾರ ನೀವಿಲ್ಲದಿದ್ರೆ ಹೋಟೆಲು ನಡೆಯುದಿಲ್ಲ, ನಾನಿಲ್ಲದಿದ್ರೆ ಯಾರಿಗೂ ಗೊತ್ತಾಗುದಿಲ್ಲ. ನನಗೂ ಹೊಟ್ಟೆಕಿಚ್ಚು ಉಂಟು ಲೀಲಕ್ಕ.”

ಇಪ್ಪತ್ತು ವರ್ಷ ಇಬ್ಬರೂ ಒಂದೇ ಒಲೆಯ ಮುಂದೆ ನಿಂತಿದ್ದೇವೆ. ಅವಳು ಕಣ್ಣೊರೆಸಿಕೊಂಡು, “ನಾಳೆ ಬರ್ತೀರಾ?” ಎಂದು ಕೇಳಿದಳು.

ಈಗ ನಾನು ಹೂಂ ಅಂದೆ ಎಂದುಕೊಂಡಿರಾ? ಈ ಬಾಯಿಗೆ ಬೆಂಕಿ ಬೀಳಲಿ, ಅದು ಹೇಳಿದ್ದು ಹೀಗೆ: “ಛೇ, ನಿಮ್ಮಿಬ್ಬರ ಮಧ್ಯೆ ನಾನ್ಯಾಕೆ?”

ಚಿತ್ರಾ ನನ್ನ ಮುಖವನ್ನೇ ನೋಡಿದಳು. ತುಟಿ ಅಲುಗಿತು. ಮತ್ತೆ ಕೇಳಬೇಕೆಂದು ಅವಳಿಗೆ ಅನಿಸಿತ್ತು, ಅದು ನನಗೆ ಕಂಡಿತು. ಆದರೆ ಅವಳಿಂದ ಆಗಲಿಲ್ಲ, ನನ್ನಿಂದ ಹೇಗೆ ಆಗಲಿಲ್ಲವೋ ಹಾಗೆ. ಕೊತ್ತಂಬರಿ ಬುಟ್ಟಿ ಎತ್ತಿಕೊಂಡು ಕೆಳಗೆ ಹೋದಳು.

ಭಾನುವಾರ ಐದು ಗಂಟೆಗೆ ಅವಳು ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು. ಕೇತಕಿ ಪಕ್ಕದಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದಳು. ನಾನು ಹಳೆಯ ಚೂಡಿದಾರ ಹಾಕಿಕೊಂಡು, ಕ್ಯಾನ್ವಾಸ್ ಬೂಟು ತೊಟ್ಟು, ಇಳಿದು ಬಂದು ನಿಂತೆ. ಮಾತಾಡಲಿಲ್ಲ, ಮಾತಾಡಿದರೆ ಮತ್ತೆ ಹಾಳಾಗುತ್ತಿತ್ತು. ಚಿತ್ರಾ ನನ್ನ ಕಾಲು ನೋಡಿದಳು. ನನ್ನನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುವ ಕೇತಕಿ, “ಅರೆ, ಕಾಕು!” ಎಂದು ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು, ತನ್ನ ಸ್ಕೂಟರಿನ ಕೀಲಿಕೈ ತರಲು ಮೇಲೆ ಓಡಿದಳು. ಅಡಿಗೆಮನೆಯ ಕಿಟಕಿಯಿಂದ ರಘುರಾಮರು, “ಹೇ, ಎಲ್ಲಿಗೆ? ಕೌಂಟರು ಯಾರು ನೋಡುದು?” ಎಂದು ಕೂಗಿದರು. “ನೀವು,” ಎಂದೆ.

ಗುಡ್ಡ ಹತ್ತುವುದು ನಾನು ಎಣಿಸಿದಷ್ಟು ಸುಲಭವಿರಲಿಲ್ಲ. ಕೆಸರು ಜಾರುತ್ತಿತ್ತು. ಕೇತಕಿ ಜಿಂಕೆಯ ಹಾಗೆ ಮುಂದೆ ಹೋದದ್ದು ನೋಡಿ ಮತ್ತೆ ಹೊಟ್ಟೆ ಉರಿಯಿತು, ಅವಳ ಮಂಡಿ ನೋವು ಎಲ್ಲಿ ಹೋಯಿತೋ. ಅರ್ಧ ದಾರಿಯಲ್ಲಿ ಅವಳು ನಿಂತು ನೀರಿನ ಬಾಟಲಿ ಚಾಚಿದಳು. ಗಂಟಲು ಒಣಗಿತ್ತು, ಆದರೂ “ನಕೋ”, ಬೇಡ, ಎಂದೆ. ಬಾಟಲಿ ನೇರ ಅವಳ ಚೀಲದೊಳಗೆ ಹೋಯಿತು. ಹಿಂದೆ ಬರುತ್ತಿದ್ದ ಚಿತ್ರಾ ಜೋರಾಗಿ ನಕ್ಕಳು. ಆಮೇಲೆ ತನ್ನ ಬಾಟಲಿಯ ಮುಚ್ಚಳ ತೆಗೆದು, ಏನೂ ಕೇಳದೆ, ನನ್ನ ಕೈಯಲ್ಲಿಟ್ಟಳು.

ಕೊನೆಯ ತಿರುವು ದಾಟಿದಾಗ ಹೂ ಕಂಡಿತು. ನಮ್ಮ ಕಾಲ ಬುಡದಿಂದ ಎದುರಿನ ಇಳಿಜಾರಿನ ತುದಿಯವರೆಗೆ ನೇರಳೆ. ಜೇನುಹುಳುಗಳ ಸದ್ದು ಎಷ್ಟಿತ್ತೆಂದರೆ ಮೂವರೂ ಮಾತು ನಿಲ್ಲಿಸಿದೆವು. ಫೋನಿನ ಚಿತ್ರದಲ್ಲಿ ಆ ಸದ್ದು ಇರಲಿಲ್ಲ, ತಂಪು ಗಾಳಿಯೂ ಇರಲಿಲ್ಲ. ಇದನ್ನು ಚಿತ್ರಾ ಏಳು ವರ್ಷದ ಹಿಂದೆಯೇ ನೋಡಿದ್ದಾಳೆ, ನನ್ನನ್ನು ಬಿಟ್ಟು, ಒಬ್ಬಳೇ. ಹೊಟ್ಟೆಕಿಚ್ಚು ಅಲ್ಲಿ ನಿಂತಾಗಲೂ ಇತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಒಂದು ಹೂಬಿಡುವ ಕಾಲ ಒಂದು ‘ಹೌದಲ್ಲ’ದಲ್ಲಿ ಹೋಗಿತ್ತು.

ಚಿತ್ರಾ ಬಂಡೆಯ ಮೇಲೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು. ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ.

“ಚಿತ್ರಾ, ಇದು ಮತ್ತೆ ಬಿಡುದು ಏಳು ವರ್ಷಕ್ಕಲ್ವಾ?”

“ಹೌದು.”

“ಆಗ ನನ್ನನ್ನು ಕೇಳ್ಬೇಡ. ಈಗಲೇ ಹೇಳಿದ್ದೇನೆ, ನಾನು ಬರ್ತೇನೆ.”