ಗಾಲಿ ಮಾನಪ್ಪನ ತೂಗುಕುರ್ಚಿ

ರಾಣೆಬೆನ್ನೂರಿನಲ್ಲಿ ಮಾನಪ್ಪ ಬಡಿಗೇರ ಎಲ್ಲಿ ಎಂದು ಕೇಳಿದರೆ ನಾಲ್ಕು ಮಂದಿ ನಾಲ್ಕು ದಿಕ್ಕು ತೋರಿಸಿಯಾರು. ಗಾಲಿ ಮಾನಪ್ಪ ಅನ್ನಿ, ಬಸ್ ಸ್ಟ್ಯಾಂಡಿನ ಆಟೋದವನೇ ನಿಮ್ಮನ್ನು ಅವನ ಮನೆ ಮುಂದೆ ಇಳಿಸುತ್ತಾನೆ. ನಲವತ್ತು ವರ್ಷ ಎತ್ತಿನ ಗಾಡಿಗೆ ಗಾಲಿ ಮಾಡಿದ ಮನುಷ್ಯ. ಗುತ್ತಲದ ಕಡೆಯ ರೈತರು ಅವನ ಗಾಲಿಗಾಗಿ ಎರಡೆರಡು ತಿಂಗಳು ಕಾಯುತ್ತಿದ್ದರು. ಆಮೇಲೆ ಟೈರಿನ ಗಾಡಿ ಬಂತು, ಟ್ರ್ಯಾಕ್ಟರ್ ಬಂತು. ಅದಕ್ಕೆಲ್ಲ ಕಣ್ಣೀರು ಹಾಕುವ ಪೈಕಿ ಅಲ್ಲ ಅವನು. ಬಾಗಿಲು, ಮಂಚ, ಬೀಜದ ಕಂಪನಿಗಳಿಗೆ ಮೇಜು ಕುರ್ಚಿ ಮಾಡಿಕೊಡುತ್ತ ಆರಾಮಾಗಿಯೇ ಇದ್ದ. ಆದರೆ ಒಂದು ಮಾತು ಹೇಳದೆ ಬಿಡುವ ಹಾಗಿಲ್ಲ. ಊರಿಗೆಲ್ಲ ಕುರ್ಚಿ ಮಾಡಿಕೊಟ್ಟ ಈ ಮಹಾರಾಯನ ಮನೆಯಲ್ಲಿ ಒಂದೇ ಒಂದು ಕುರ್ಚಿ ಇರಲಿಲ್ಲ. ಬಂದವರಿಗೆ ಕಂಬಳಿ ಹಾಸುವುದು, ಹೆಂಡತಿ ಹೊನ್ನವ್ವನಿಗೆ ಬರೀ ನೆಲ.

ಆ ನೆಲವೇ ೨೦೦೪ರಲ್ಲಿ ಹೊನ್ನವ್ವನಿಗೆ ಕೈಕೊಟ್ಟಿತು. ಮೊಣಕಾಲು ಬಾತು, ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಹಾವೇರಿಯ ಡಾಕ್ಟರು ಕಾಲು ಒತ್ತಿ ನೋಡಿ, “ಇನ್ನ ಮ್ಯಾಲೆ ನೆಲಕ್ಕ ಕುಂದ್ರಬ್ಯಾಡ್ರಿ” ಅಂದರು.

“ನೆಲ ಬಿಟ್ಟು ಮತ್ತೆಲ್ಲಿ ಕುಂದ್ರಲಿ? ಗ್ವಾಡಿ ಮ್ಯಾಲೇನು?” ಎಂದು ಹೊನ್ನವ್ವ ದಾರಿಯುದ್ದಕ್ಕೂ ನಕ್ಕಳು. ಮಾನಪ್ಪನೂ ನಕ್ಕ.

ನಗು ನಿಂತದ್ದು ಬ್ಯಾಡಗಿಯಲ್ಲಿ. ಒಬ್ಬಳೇ ಮಗಳು ನೀಲಾಳನ್ನು ಅಲ್ಲಿಗೆ ಕೊಟ್ಟಿದ್ದರು. ಅವಳಿಗೆ ಏಳು ತಿಂಗಳು ತುಂಬಿ ಕುಬಸದ ಕಾರ್ಯ, ಅಂದರೆ ಸೀಮಂತ, ನಡೆಯಿತು. ಊಟ ಮುಗಿದು ಎಲೆ ಅಡಿಕೆ ಹಾಕುವ ಹೊತ್ತಿಗೆ ಬೀಗತಿ ಕರಿಯವ್ವ ಎಲ್ಲರೆದುರು ಮಾತು ತೆಗೆದಳು. ಕೆಟ್ಟ ಹೆಂಗಸಲ್ಲ ಆಕೆ, ನಾಲಿಗೆ ಮಾತ್ರ ಬ್ಯಾಡಗಿ ಪೇಟೆಯಲ್ಲೇ ಬೆಳೆದದ್ದು.

“ಚೊಚ್ಚಲ ಬಾಣಂತನ ತವರಾಗ ಆಗಬೇಕು ಖರೇ. ಆದ್ರ ಬೀಗರ, ಕೂಸಿನ್ನ ಕಾಲಮ್ಯಾಲೆ ಹಾಕ್ಕೊಂಡು ತೂಗೋರು ಯಾರು? ನೀವು ನೆಲಕ್ಕ ಕುಂತ್ರ ನಿಮ್ಮನ್ನ ಎಬ್ಬಸಾಕ ಇಬ್ಬರು ಬೇಕು. ಎಂಟು ತುಂಬೋದ್ರಾಗ ನಾನ ನೀಲಾನ್ನ ಕರಕೊಂಡು ಬರ್ತೇನಿ. ನಿಮ್ಮ ಕೈಲೆ ಆಗ್ತೈತಿ ಅಂತ ಕಂಡ್ರ ಬಿಟ್ಟು ಬರ್ತೇನಿ. ಇಲ್ಲಂದ್ರ ನಮ್ಮಲ್ಲೇ ಆಗಲಿ.”

ಮರಳುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತ ಹೊನ್ನವ್ವ ಊರು ಬರುವತನಕ ಮುಖ ತಿರುಗಿಸಲಿಲ್ಲ. ಅಳುತ್ತಿದ್ದಾಳೆ ಎಂದು ಮಾನಪ್ಪನಿಗೆ ಗೊತ್ತು. ಮೂವತ್ತು ವರ್ಷದಲ್ಲಿ ಆಕೆ ತನಗಾಗಿ ಇದು ಬೇಕು ಎಂದು ಕೇಳಿದ್ದಿಲ್ಲ, ಈಗಲೂ ಕೇಳಲಿಲ್ಲ.

“ನೀಲಾನವ್ವ, ಕೂಸಿನ್ನ ತೂಗಾಕ ನೆಲಾನ ಯಾಕ ಬೇಕು? ತೂಗುಕುರ್ಚಿ ಮಾಡ್ತೇನಿ” ಅಂದ.

ಮಾಡಿಯೂ ಬಿಟ್ಟ. ತೂಗುಕುರ್ಚಿಗೆ ಕೆಳಗೆ ಬೇಕಾದದ್ದು ಎರಡು ಬಾಗಿದ ಪಟ್ಟಿ. ಬಾಗಿದ ಕಟ್ಟಿಗೆಯಲ್ಲಿ ಮಾನಪ್ಪನಿಗೆ ಹೇಳಿಕೊಡುವವರು ಯಾರಿದ್ದಾರೆ? ಅಟ್ಟದ ಮೇಲೆ ಯಾರಿಗೂ ಬೇಡವಾದ ಗಾಲಿಗಳಿದ್ದವು. ಒಂದನ್ನು ಬಿಚ್ಚಿ, ಸುತ್ತಿನ ತುಂಡುಗಳನ್ನು ಜೋಡಿಸಿ ಪಟ್ಟಿ ಮಾಡಿ, ಮೇಲೆ ಕುರ್ಚಿ ಕೂರಿಸಿದ. ನಾಲ್ಕೇ ದಿನದ ಕೆಲಸ. ಹೊನ್ನವ್ವ ಸೆರಗು ಸರಿಮಾಡಿಕೊಂಡು ಕೂತಳು, ಒರಗಿದಳು. ಕುರ್ಚಿ ತೂಗಲಿಲ್ಲ. ಉರುಳಿತು. ಹಿಂದೆ ಕಟ್ಟಿಗೆ ಹೊಟ್ಟಿನ ಚೀಲಗಳಿದ್ದದ್ದು ಪುಣ್ಯ. ಅವುಗಳ ಮೇಲೆ ಅಂಗಾತ ಬಿದ್ದ ಹೊನ್ನವ್ವ ಜಂತಿ ನೋಡುತ್ತಲೇ ಕೇಳಿದಳು.

“ಗಾಡಿ ಮಾಡೀರಿ. ಎತ್ತು ಎಲ್ಲಿ ಅದಾವು?”

ಪೆಟ್ಟಾಗಿರಲಿಲ್ಲ. ಆದರೆ ಆಕೆಯನ್ನು ಎಬ್ಬಿಸಿ ನಿಲ್ಲಿಸುವಾಗ ಮಾನಪ್ಪನಿಗೆ ಒಂದೇ ಯೋಚನೆ. ಬಿದ್ದಾಗ ಮಡಿಲಲ್ಲಿ ಕೂಸಿದ್ದಿದ್ದರೆ? ಆ ರಾತ್ರಿ ಅವನಿಗೆ ರೊಟ್ಟಿ ಸೇರಲಿಲ್ಲ. ಕರಿಯವ್ವ ಬರಲು ಇನ್ನು ಇಪ್ಪತ್ತು ದಿನ.

ಮಾರನೆಯ ದಿನವೇ ಹಾವೇರಿಗೆ ಹೋದ. ಅಲ್ಲಿ ವಕೀಲ ಪ್ರಭುಲಿಂಗಪ್ಪನವರ ಮನೆಯಲ್ಲಿ ಒಂದು ಹಳೆಯ ತೂಗುಕುರ್ಚಿ ಇರುವುದನ್ನು ಕಿಟಕಿ ರಿಪೇರಿಗೆ ಹೋದಾಗ ನೋಡಿದ್ದ. ವಕೀಲರು ಕೋರ್ಟಿಗೆ ಹೊರಟು ನಿಂತವರು ಹೊರಗೆ ಬಂದರೆ, ನಡುಮನೆಯಲ್ಲಿ ಒಬ್ಬ ಮನುಷ್ಯ ಬೋರಲು ಮಲಗಿ ಕುರ್ಚಿಯ ಕೆಳಗೆ ತಲೆ ತೂರಿಸಿದ್ದಾನೆ.

“ಏನ್ ಮಾನಪ್ಪ, ತಿಗಣಿ ಹುಡುಕಾಕತ್ತಿಯೇನು?”

“ಇಲ್ರೀ ಸಾಹೇಬ್ರ. ನನ್ನ ತಪ್ಪು ಹುಡುಕಾಕತ್ತೇನಿ.”

ಹಳೇ ಪೇಪರು ಹಾಸಿ ಪಟ್ಟಿಯ ಬಾಗು ಬರೆದುಕೊಳ್ಳುವವರೆಗೂ ವಕೀಲರು ಕುರ್ಚಿಯ ಕಥೆ ಹೇಳಿದರು. ಹತ್ತಿ ವ್ಯಾಪಾರದ ಬಿಳಿ ಸಾಹೇಬನೊಬ್ಬ ಊರು ಬಿಟ್ಟು ಹೋಗುವಾಗ ಅವರ ಅಜ್ಜ ತಂದದ್ದಂತೆ. ಅಜ್ಜನ ಕಾಲಕ್ಕೆ ಅದು ದೊಡ್ಡಸ್ತಿಕೆಯ ಕುರ್ಚಿ, ಬೇರೆ ಯಾರೂ ಮುಟ್ಟುವಂತಿಲ್ಲ. ಅಜ್ಜ ಹೋದಮೇಲೆ ಅವರ ತಾಯಿ ಅದನ್ನು ಒಳಗೆ ಎಳೆದುಕೊಂಡು ಐದು ಮಕ್ಕಳಿಗೆ ಅದರಲ್ಲೇ ಹಾಲೂಡಿಸಿದರು. ಬೆತ್ತ ಮೂರು ಸಲ ಹೆಣೆಸಿದ್ದಾಯಿತು, ಸೋಫಾ ಬಂತು, ಪ್ಲಾಸ್ಟಿಕ್ ಕುರ್ಚಿ ಬಂತು. ಇದನ್ನು ಹೊರಗೆ ಹಾಕಲು ಯಾರಿಗೂ ಮನಸ್ಸಾಗಲಿಲ್ಲ.

“ಬ್ಯಾರೆ ಕುರ್ಚ್ಯಾಗ ಕುಂತ್ರ ಕೆಲಸ ನೆನಪಾಗ್ತೈತಿ. ಇದರಾಗ ಕುಂತ್ರ ಅವ್ವ ನೆನಪಾಗ್ತಾಳ ನೋಡು” ಅಂದರು ವಕೀಲರು. ಕೋರ್ಟಿಗೆ ತಡವಾದದ್ದು ಅವರಿಗೆ ಆಮೇಲೆ ಹೊಳೆಯಿತು.

ಮನೆಗೆ ಬಂದು ಅಂಗಳದಲ್ಲಿ ಗೂಟ ಹೊಡೆದು, ಹಗ್ಗ ಕಟ್ಟಿ, ಪೇಪರಿನ ಬಾಗಿಗೆ ಸರಿಹೊಂದುವ ತನಕ ಸುತ್ತು ಎಳೆದು ನೋಡಿದ. ಗಾಲಿಗೆ ಎರಡೂವರೆ ಅಡಿ ಹಗ್ಗ ಸಾಕು. ಇದಕ್ಕೆ ಮೂರೂವರೆ ಅಡಿ ಬೇಕಾಯಿತು. ಹಗ್ಗ ಉದ್ದವಾದಷ್ಟೂ ಬಾಗು ಚಪ್ಪಟೆ, ಉರುಳುವ ಭಯ ಕಡಿಮೆ, ಅಷ್ಟೇ ವ್ಯತ್ಯಾಸ. ನಲವತ್ತು ವರ್ಷ ಮುಂದಕ್ಕೆ ಹೋಗುವ ವಸ್ತು ಮಾಡಿದ ಕೈ ಅವನದು. ಇದ್ದಲ್ಲೇ ಇರುವ ವಸ್ತು ಅದಕ್ಕೆ ಗೊತ್ತಿರಲಿಲ್ಲ. ಈ ಸಲ ಹಳೆಯ ಬಾಗಿಲೊಂದರ ಸಾಗವಾನಿ ತೆಗೆದು ಹದಿನೈದು ದಿನ ಕೂತು ಮಾಡಿದ.

ಹೊನ್ನವ್ವ ಮಾತ್ರ ಹತ್ತಿರ ಸುಳಿಯಲಿಲ್ಲ.

“ಮೊದಲ ಗುಂಡಪ್ಪ ಕುಂದ್ರಲಿ” ಅಂದಳು. ನಾಮಕರಣದ ದಿನ ಕೂಸಿಗಿಂತ ಮೊದಲು ರುಬ್ಬುವ ಗುಂಡುಕಲ್ಲಿಗೆ ಎಳೆಮಕ್ಕಳ ತಲೆಗೆ ಹೊದಿಸುವ ಕುಂಚಿಗೆ ಹಾಕಿ, ಗುಂಡಪ್ಪ ಎಂದು ಕರೆದು, ತೊಟ್ಟಿಲಲ್ಲಿ ಮಲಗಿಸಿ ತೂಗುವ ಶಾಸ್ತ್ರವಿದೆ.

“ಅದು ತೊಟ್ಟಿಲಕ್ಕ. ಇದು ಕುರ್ಚಿ.”

“ತೂಗೂದೆಲ್ಲಾ ತೊಟ್ಟಿಲ. ಬಿದ್ರ ಕಲ್ಲ ಬೀಳಲಿ.”

ಗುಂಡುಕಲ್ಲು ಮೂರು ದಿನ ತೂಗುಕುರ್ಚಿಯಲ್ಲಿ ಕೂತಿತು. ಹೋಗುತ್ತ ಬರುತ್ತ ಹೊನ್ನವ್ವ ಒಂದೊಂದು ಸಲ ನೂಕುವಳು. ಬೀಳಲಿಲ್ಲ. ನಾಲ್ಕನೆಯ ದಿನ ಕಲ್ಲು ಇಳಿಸಿ ತಾನು ಕೂತಳು, ತಲೆದಿಂಬನ್ನು ಎದೆಗೆ ಒರಗಿಸಿಕೊಂಡು ತೂಗಿದಳು. ಮಾನಪ್ಪ ಉಳಿ ಕೆಳಗಿಡದೆ ನೋಡುತ್ತಿದ್ದ. ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದು ಆಕೆಗೆ ತಿಳಿಯಲೇ ಇಲ್ಲ.

ಕರಿಯವ್ವ ಬಂದದ್ದು ಮರುದಿನ ಮಧ್ಯಾಹ್ನ, ಬಾಡಿಗೆ ಕಾರಿನಲ್ಲಿ. ನೀಲಾ ಹೊಟ್ಟೆ ಹಿಡಿದು ಇಳಿದಳು. ಅವಳ ಬಟ್ಟೆಯ ಚೀಲವನ್ನು ಡ್ರೈವರ್ ಎತ್ತಲು ಹೋದರೆ ಕರಿಯವ್ವ, “ಇರಲಿ ಬಿಡು, ಆಮ್ಯಾಲೆ ನೋಡೂಣಂತ” ಅಂದಳು. ಹೊನ್ನವ್ವನ ಮುಖ ಬಾಡಿತು. ಹೊಸ್ತಿಲು ದಾಟುವಾಗ ಕರಿಯವ್ವನೂ ಮೊಣಕಾಲಿಗೆ ಕೈ ಊರಿದ್ದನ್ನು ಮಾನಪ್ಪ ಕಂಡ.

ಊಟವಾಯಿತು. ಕರಿಯವ್ವ ಕುರ್ಚಿಯ ಸುತ್ತ ಒಂದು ಸುತ್ತು ಹಾಕಿದಳು. “ಇದರಾಗ ಕೂಸು ಬಿದ್ರ? ತಡೀರಿ, ನಾನ ಕುಂತು ನೋಡ್ತೇನಿ.”

ಕೂತಳು. ಮೊದಲು ಅಂಚಿನಲ್ಲಿ, ಆಮೇಲೆ ಪೂರ್ತಿ. “ಕೈಯಿಡೋದು ಸ್ವಲ್ಪ ಎತ್ತರ ಆಗೈತಿ” ಅಂದಳು. ಒರಗಿ, “ಬೆನ್ನಿಗೆ ಅಡ್ಡಿಲ್ಲ” ಅಂದಳು. ಆಮೇಲೆ ಏನೋ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. ನೋಡಿದರೆ ನಿದ್ದೆ ಹತ್ತಿಬಿಟ್ಟಿದೆ. ಬಾಯಿ ತುಸು ತೆರೆದು, ಕೈ ಮಡಿಲಲ್ಲಿಟ್ಟು, ಪೇಟೆಯ ಹೆಣ್ಣುಮಗಳು ಸಣ್ಣ ಹುಡುಗಿಯ ಹಾಗೆ ಮಲಗಿದಳು. ಸೀರೆ ಸರಿದು ಕಾಣುತ್ತಿದ್ದ ಮೊಣಕಾಲು ಹೊನ್ನವ್ವನದಕ್ಕಿಂತ ದಪ್ಪ ಬಾತಿತ್ತು.

ಕುರ್ಚಿ ನಿಲ್ಲುತ್ತ ಬಂತು. ಕರಿಯವ್ವನ ಹುಬ್ಬು ಗಂಟಾಯಿತು. ಹೊನ್ನವ್ವ ಹೋಗಿ ಕುರ್ಚಿಯ ತೋಳಿಗೆ ಕೈಯಿಟ್ಟು ಮೆಲ್ಲಗೆ ತೂಗಿದಳು. ಹುಬ್ಬು ಸಡಿಲಾಯಿತು.

ಮಾನಪ್ಪ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದ, ಸಾಕು ಬಾ ಎಂದು. ಹೊನ್ನವ್ವ ಒಲ್ಲೆ ಎಂದು ತಲೆಯಾಡಿಸಿದಳು. ನೀಲಾ ತಾನು ತೂಗುತ್ತೇನೆ ಎಂದು ಬಂದಳು, ಅವಳನ್ನೂ ಕಣ್ಣಲ್ಲೇ ಗದರಿಸಿ ಮಂಚಕ್ಕೆ ಕಳಿಸಿದಳು. ಒಂದು ಕಾಲ ಮೇಲಿನ ಭಾರ ಇನ್ನೊಂದಕ್ಕೆ, ಇನ್ನೊಂದರದು ಇದಕ್ಕೆ ಹಾಕುತ್ತ ಮುಕ್ಕಾಲು ತಾಸು ನಿಂತಳು. ಕೈ ಮಾತ್ರ ನಿಲ್ಲಲಿಲ್ಲ.

ಕರಿಯವ್ವ ಕಣ್ಣು ಬಿಟ್ಟಾಗ ಎದುರಿಗೆ ಕಂಡದ್ದು ಆ ಕೈ. ಅದರ ಗುಂಟ ಮೇಲೆ ನೋಡಿದಳು. ಹೊನ್ನವ್ವನ ಹಣೆಯಲ್ಲಿ ಬೆವರಿತ್ತು.

“ಎಷ್ಟೊತ್ತಾತು?”

“ಈಗರ ಮಲಗೀರಿ.”

“ಈ ಕಾಲಿಲೆ ನಿಂತು ನನ್ನ ತೂಗಾಕತ್ತೀರಿ?”

“ನಿದ್ದಿ ಕೆಡ್ತಿತ್ರಿ” ಅಂದಳು ಹೊನ್ನವ್ವ, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ.

ಕರಿಯವ್ವ ಎದ್ದಳು. ಬೀಗತಿಯ ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಆಮೇಲೆ ಬಾಗಿಲ ಕಡೆ ತಿರುಗಿದಳು.

“ಮಾನಪ್ಪಾರ, ಕಾರಿನಾಗಿನ ಚೀಲ ಇಳಿಸ್ರಿ.”