ಬೆನ್ನಿನ ಪಟ್ಟಿ ಕಿತ್ತವರು ಯಾರು

ಆಗ ನನಗೆ ಎಪ್ಪತ್ತೊಂದು. ನಾಲ್ಕು ವರ್ಷದ ಹಿಂದಿನ ಮಾತು. ಸತ್ತವರು ಬಂದರು, ಮಾತಾಡಿಸಿದರು ಎಂದು ಯಾರಾದರೂ ಹೇಳಿದರೆ, ಗಂಜಿ ಕುಡಿದು ಮಲಗಿ ಎನ್ನುತ್ತಿದ್ದವಳು ನಾನು. ನೀವೂ ನನಗೆ ಹಾಗೆಯೇ ಹೇಳಬಹುದು, ಬೇಸರವಿಲ್ಲ.

ಎಸ್ಟೇಟಿನಲ್ಲಿ ಮೂಟೆ ಹೊತ್ತು ನನ್ನ ಬೆನ್ನುಮೂಳೆ ಸವೆದಿತ್ತು. ಮಾತ್ರೆಗೆ ನೋವು ಬಗ್ಗದಾಗ ಸೋಮವಾರಪೇಟೆಯ ಡಾಕ್ಟರು ಚರ್ಮಕ್ಕೆ ಅಂಟಿಸುವ ಪಟ್ಟಿ ಕೊಟ್ಟರು. ಔಷಧಿ ಅದರಿಂದ ಮೆಲ್ಲಗೆ ಮೈಗೆ ಇಳಿಯುತ್ತದೆ. ಮಗಳು ಅದನ್ನು ಬೆನ್ನ ನಡುವೆ, ನನ್ನ ಕೈಗೆ ಸಿಗದ ಕಡೆ ಅಂಟಿಸುತ್ತಿದ್ದಳು. ಬೆಂಕಿಯ ಕಾವು ತಾಗಬಾರದು ಎಂದಿದ್ದರು ಡಾಕ್ಟರು. ಅಂಟು ಬಿಟ್ಟುಹೋದೀತೆಂದು ಹೇಳಿರಬೇಕು ಎಂದುಕೊಂಡೆ.

ಕಾಫಿ ಕುಯ್ಲಿನ ಕಾಲ. ಕೂಲಿಲೈನಿನ ಮನೆಗಳವರೆಲ್ಲ ತೋಟಕ್ಕೆ ಹೋಗಿದ್ದರು. ಚಳಿಯೆಂದು ಬಾಗಿಲಿಗೆ ಅಗುಳಿ ಹಾಕಿ, ಒಲೆಗೆ ಬೆನ್ನು ಕೊಟ್ಟು ಕುಳಿತೆ. ಹಿತವಾಯಿತು. ಆಮೇಲೆ ಕಣ್ಣು ಎಳೆಯಿತು, ನಾಲಿಗೆ ದಪ್ಪವಾಯಿತು, ಉಸಿರಾಡುವುದೇ ಮರೆತಂತಾಯಿತು. ಏಳಬೇಕು ಅನ್ನಿಸಿತು, ಕಾಲು ಕೇಳಲಿಲ್ಲ.

ಆಗ ಹಿಂದಿನಿಂದ ದನಿ ಬಂತು. ನಾದಿನಿ ಗಂಗೆಯದು. ಕ್ಯಾನ್ಸರಿಗೆ ಇದೇ ಪಟ್ಟಿ ಹಾಕಿಸಿಕೊಂಡು ಹಿಂದಿನ ವರ್ಷ ಸತ್ತವಳು.

“ಏನತ್ತಿಗೆ, ಹಂದಿ ಸುಟ್ಟಂಗೆ ಸುಟ್ಕೊಂಡು ಕೂತಿದ್ದೀಯ? ಬಗ್ಗು ಮುಂದಕ್ಕೆ!”

ಬೆನ್ನ ಮೇಲೆ ತಣ್ಣನೆಯ ಉಗುರು ಆಡಿತು. ಚರ್ಮ ಕಿತ್ತಂತಾಯಿತು. ಮುಂದಕ್ಕೆ ಬಿದ್ದೆ.

ಎಚ್ಚರವಾದಾಗ ಮಗಳು ಬಾಗಿಲು ಬಡಿಯುತ್ತಿದ್ದಳು. ತೆವಳಿಕೊಂಡು ಹೋಗಿ ಅಗುಳಿ ತೆಗೆದೆ. ಅವಳು ಬೆನ್ನು ನೋಡಿದಳು, ಪಟ್ಟಿ ಇಲ್ಲ. ಒಲೆಕಟ್ಟೆಯ ಮೇಲಿತ್ತು, ಅಂಟು ಒಳಗಾಗುವಂತೆ ಮಡಚಿಕೊಂಡು. ಎಸೆಯುವ ಮೊದಲು ಗಂಗೆ ಹಾಗೆಯೇ ಮಡಚುತ್ತಿದ್ದಳು.

“ಯಾರವ್ವ ಬಂದಿದ್ರು?”

“ನಿನ್ ಸೋದರತ್ತೆ.”

“ಸುಮ್ನಿರವ್ವ, ನಂಗೆ ಹೆದ್ರಿಕೆ ಆಯ್ತದೆ.”

ಕತ್ತಲಾಗಿತ್ತು, ಪೇಟೆಗೆ ಬಸ್ಸಿರಲಿಲ್ಲ. ಅವಳು ಆ ರಾತ್ರಿ ನನ್ನನ್ನು ಮಲಗಲು ಬಿಡಲಿಲ್ಲ, ಮಾತಾಡಿಸುತ್ತಲೇ ಕೂರಿಸಿಕೊಂಡಳು.

ಬೆವರಿಗೆ ಪಟ್ಟಿ ಬಿಟ್ಟುಕೊಂಡಿತು ಎಂದರೆ ಒಪ್ಪುತ್ತೇನೆ. ಮಡಚಿದ್ದು ಯಾರು? ನಾನೇ ಕಿತ್ತೆ ಎನ್ನುವುದಾದರೆ, ಅಲ್ಲಿಗೆ ನನ್ನ ಕೈ ಹೋಗುವಂತಿದ್ದರೆ ಮಗಳನ್ನು ಏಕೆ ಕರೆಯುತ್ತಿದ್ದೆ? ಇಂದಿಗೂ ತಿಳಿಯದು.

ಬೆಳಗಾದ ಮೇಲೆ ಮೊದಲ ಬಸ್ಸಿಗೆ ಡಾಕ್ಟರ ಬಳಿ ಹೋದೆವು. ಕಾವಿಗೆ ಔಷಧಿ ಒಮ್ಮೆಲೇ ಇಳಿದಿದೆ, ಉಸಿರೇ ನಿಲ್ಲುತ್ತಿತ್ತು ಎಂದು ಬೈದರು. ಗಂಗೆಯ ಸುದ್ದಿ ನಾನು ಎತ್ತಲಿಲ್ಲ. ನೋವು ಅಷ್ಟರಲ್ಲಿ ತಿರುಗಿ ಬಂದಿತ್ತು, ಪಟ್ಟಿಯಿಲ್ಲದೆ ಆಗುವಂತಿರಲಿಲ್ಲ. ಹೊಸದನ್ನು ಅಂಟಿಸಲು ನರ್ಸಮ್ಮ ಬೆನ್ನು ತಿರುಗಿಸಿ ಎಂದಾಗ, ರವಿಕೆಯ ಮೇಲಿನ ಗುಂಡಿ ಬಿಚ್ಚಿ ಎದೆ ತೋರಿಸಿದೆ.

“ಇಲ್ಲಿ ಹಾಕವ್ವ. ನನ್ ಕೈಗೇ ಸಿಗ್ಲಿ.”