ಗುಮಾಸ್ತರು ಬರೆದ ‘ಮೃತ’

ಮದುವೆ ನೋಂದಣಿ ಕಚೇರಿಯ ದಾಖಲೆ ಕೋಣೆಯಲ್ಲಿ ನನಗೆ ಕೆಲಸ ಕಲಿಸಿದವರು ದೊಡ್ಡ ಗುಮಾಸ್ತರು. ನಿವೃತ್ತರಾದ ಮೇಲೂ ವಾರಕ್ಕೆರಡು ಸಲ ಬರುತ್ತಾರೆ. ಹಳೆಯ ರಿಜಿಸ್ಟರುಗಳಲ್ಲಿರುವ ಅವರ ಕಾಗೆಕಾಲು ಗುಬ್ಬಿಕಾಲು ಅಕ್ಷರ ಓದಲು ಅವರೇ ಬೇಕು. ಅಂಥ ಮೆದು ಮನಸ್ಸಿನವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಆ ಮೆದುತನಕ್ಕಿಷ್ಟು ಬೆಂಕಿ ಹಾಕ!

ಮನೆಯವರ ಮಾತು ಮೀರಿ ಬಂದ ಹುಡುಗಿಯರಿಗೆ ತಂದೆಯ ವಿಷಯ ಕೇಳಿದರೆ ಸಾಕು, ಕಣ್ಣು ತುಂಬುತ್ತಿತ್ತು. ತಂದೆ ಬದುಕಿದ್ದರೆ ಅವರಿಗೆ ನೋಟಿಸು ಹೋಗಬೇಕಿತ್ತು. ಅದನ್ನು ತಪ್ಪಿಸಲು ಗುಮಾಸ್ತರು ತಂದೆಯ ಹೆಸರಿನ ಮುಂದೆ ‘ಮೃತ’ ಎಂದು ಬರೆದುಬಿಡುತ್ತಿದ್ದರು. ಎಷ್ಟು ಅಪ್ಪಂದಿರನ್ನು ಹಾಗೆ ಸಾಯಿಸಿದರೋ!

ಕಳೆದ ತಿಂಗಳು ಹೊಲಿಗೆ ಟೀಚರೊಬ್ಬರು ಬಂದರು. ತೀರಿಹೋದ ತಾಯಿಯ ಕಡೆಯವರು ಒಬ್ಬರಾದರೂ ಸಿಗಲಿ ಎಂಬುದೊಂದೇ ಅವರ ಆಸೆ. ತವರಿನ ಸುದ್ದಿ ಎತ್ತಿದರೆ ತಾಯಿ ಎದ್ದುಹೋಗುತ್ತಿದ್ದರಂತೆ. ಆರು ವರ್ಷದ ಹಿಂದೆ ತಾಯಿಯ ಮದುವೆ ದಾಖಲೆಯ ನಕಲು ಪಡೆದು, ಅದರಲ್ಲಿದ್ದ ‘ಮೃತ’ ಓದಿ ಅಜ್ಜ ಇಲ್ಲವೆಂದು ನಂಬಿ ಸುಮ್ಮನಾಗಿದ್ದರು. ಈಗ ಅಜ್ಜನ ಮದುವೆಯ ದಾಖಲೆ ಸಿಕ್ಕರೆ ಅಜ್ಜಿಯ ಕಡೆಯವರನ್ನಾದರೂ ಹುಡುಕಬಹುದು ಎಂದುಕೊಂಡು ಬಂದಿದ್ದರು.

ಗುಮಾಸ್ತರು ಆ ನಕಲು ನೋಡಿ ಕನ್ನಡಕ ತೆಗೆದರು.

“ಅಮ್ಮಾ, ಇದು ನಾನೇ ಬರೆದಿದ್ದು. ನಿಮ್ಮಜ್ಜ ಆಗ ಬದುಕಿದ್ರು. ನಿಮ್ಮ ತಾಯಿ ಒಂದೇ ಸಮನೆ ಅಳ್ತಿದ್ರು, ಅದಕ್ಕೇ...”

“ಅಳು ನಿಲ್ಸೋಕೆ ಒಂದು ಲೋಟ ನೀರು ಕೊಟ್ಟಿದ್ರೆ ಸಾಕಿತ್ತಲ್ರೀ!” ನಾನು ರೇಗಿದೆ.

ಟೀಚರ್ ಮಾತ್ರ ಮುಖ ಅರಳಿಸಿ ಎದ್ದರು. “ಹಾಗಾದ್ರೆ ಇನ್ನೂ ಇರಬಹುದಾ?”

ಹಳೆಯ ರಿಜಿಸ್ಟರಿನಲ್ಲಿದ್ದ ಅಜ್ಜನ ವಿಳಾಸಕ್ಕೆ ಮೂವರೂ ಅವತ್ತೇ ಹೋದೆವು. ಗಡಿಯಾರ ರಿಪೇರಿ ಅಂಗಡಿಯ ಮೇಲೊಂದು ಕೋಣೆ, ಬಾಗಿಲಿಗೆ ಬೀಗ.

“ತಾತ ತೀರ್ಕೊಂಡು ಎರಡು ವರ್ಷ ಆಯ್ತಲ್ಲಮ್ಮಾ,” ಎಂದರು ರಿಪೇರಿಯವರು. “ತೊಂಬತ್ತಾಗಿದ್ರೂ ಗಟ್ಟಿಯಾಗೇ ಇದ್ರು. ನೀವು ಅವರಿಗೇನಾಗ್ಬೇಕು?”

“ಮೊಮ್ಮಗಳು.”

ರಿಪೇರಿಯವರು ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟರು. “ಮೆಟ್ಟಿಲು ಹತ್ತೋದು ಕಷ್ಟ, ಬೇರೆ ಕಡೆ ಹೋಗಿ ಅಂದ್ರೆ ಕೇಳ್ತಿರ್ಲಿಲ್ಲ. ಮಗಳು ಬಂದ್ರೆ ಎಲ್ಲಿ ಅಂತ ಹುಡುಕ್ತಾಳೆ ಅನ್ನೋರು.”

ಗುಮಾಸ್ತರು ಟೀಚರಿಗೆ ಕೈಮುಗಿದರು. ಟೀಚರ್ ಬೈಯಲಿಲ್ಲ.

“ನಕಲು ತಗೊಂಡಾಗ್ಲೇ ಬಂದಿದ್ರೆ ನಾಲ್ಕು ವರ್ಷ ಸಿಗ್ತಿತ್ತು, ಅಲ್ವಾ ಸಾರ್?” ಎಂದರು ಅಷ್ಟೇ.

ಅಲ್ಲಿಯವರೆಗೆ ನಾನು ಗುಮಾಸ್ತರ ಮೇಲೆ ಎಗರಾಡುತ್ತಿದ್ದೆ. ಆದರೆ ಅವರ ಈ ಅಭ್ಯಾಸ ನನಗೂ ಮೊದಲಿನಿಂದಲೂ ಗೊತ್ತಿತ್ತು. ಆರು ವರ್ಷದ ಹಿಂದೆ ಆ ನಕಲಿಗೆ ಮೊಹರು ಒತ್ತಿ, ತುಟಿ ಬಿಚ್ಚದೆ ಆಕೆಯ ಕೈಗೆ ಕೊಟ್ಟವಳು ನಾನೇ.